ಕೇಳಿ, ಹೇಳುತ್ತೇವೆ: ಕೆನಡಾದಲ್ಲಿ ಊರು ಎಲ್ಲಿ ಮುಗಿಯುತ್ತದೆ?

ಪ್ರಶ್ನೆ: ವ್ಯಾಂಕೂವರ್ ದೊಡ್ಡ ನಗರ ಎಂದು ಎಲ್ಲರೂ ಹೇಳುತ್ತಾರೆ. ಜನಸಂಖ್ಯೆಯ ಪಟ್ಟಿ ನೋಡಿದರೆ ಕ್ಯಾಲ್ಗರಿ ಅದರ ಎರಡು ಪಟ್ಟು ಇದೆ. ಯಾವುದನ್ನು ನಂಬಬೇಕು? (ಕೆ.ಎಸ್., ಹಾಸನ)

ಎರಡನ್ನೂ ನಂಬಬಹುದು, ಗಡಿ ಎಲ್ಲಿ ಎಳೆದಿದ್ದಾರೆಂದು ನೋಡಿಕೊಂಡರೆ. 2021ರ ಜನಗಣತಿಯಲ್ಲಿ ವ್ಯಾಂಕೂವರ್ ನಗರಕ್ಕೆ 6,62,248 ಜನ, ಕ್ಯಾಲ್ಗರಿಗೆ 13,06,784. ಆದರೆ ವ್ಯಾಂಕೂವರ್ ನಗರಾಡಳಿತದ ವ್ಯಾಪ್ತಿ ಬರೀ 115 ಚದರ ಕಿಲೋಮೀಟರ್, ಕ್ಯಾಲ್ಗರಿಯದು 820. ವ್ಯಾಂಕೂವರ್‌ಗೂ ಪಕ್ಕದ ಬರ್ನಬಿಗೂ ನಡುವೆ ಇರುವುದು ಒಂದು ರಸ್ತೆ. ಹೆಸರೇ ಬೌಂಡರಿ ರೋಡ್. ರಸ್ತೆ ದಾಟಿದರೆ ಮೇಯರ್ ಬೇರೆ, ತೆರಿಗೆ ಬೇರೆ. ರಿಚ್ಮಂಡ್, ಸರ್ರೆ ಎಲ್ಲ ಹಾಗೆಯೇ ಬೇರೆ ಬೇರೆ ನಗರಗಳು. ಕ್ಯಾಲ್ಗರಿ ಮಾತ್ರ ಸುತ್ತಲ ಹುಲ್ಲುಗಾವಲನ್ನು ಬಡಾವಣೆ ಏಳುವ ಮೊದಲೇ ತನ್ನ ಗಡಿಯೊಳಗೆ ಎಳೆದುಕೊಳ್ಳುತ್ತ ಬಂತು. ಅಲ್ಲಿ ಹೊರವಲಯವೂ ಊರೊಳಗೇ ಇದೆ.

ಹೋಲಿಸುವುದಿದ್ದರೆ ನಗರವನ್ನೂ ಸುತ್ತಲ ಊರುಗಳನ್ನೂ ಸೇರಿಸಿ ಎಣಿಸಿದ, ಜನಗಣತಿಯ ಮಹಾನಗರ ಪ್ರದೇಶದ ಅಂಕಿ ತೆಗೆದುಕೊಳ್ಳಿ: ಟೊರಾಂಟೊ 62 ಲಕ್ಷ, ಮಾಂಟ್ರಿಯಲ್ 42.9 ಲಕ್ಷ, ವ್ಯಾಂಕೂವರ್ 26.4 ಲಕ್ಷ, ಕ್ಯಾಲ್ಗರಿ 14.8 ಲಕ್ಷ, ಎಡ್ಮಂಟನ್ 14.2 ಲಕ್ಷ.

2007ರಲ್ಲಿ 110 ಹಳ್ಳಿಗಳನ್ನೂ ಸುತ್ತಲ ನಗರಸಭೆಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದ್ದನ್ನು ಕಂಡವರಿಗೆ ಇದು ಹೊಸದಲ್ಲ. ಟೊರಾಂಟೊದಲ್ಲಿ 1998ರಲ್ಲಿ ಆರು ಆಡಳಿತಗಳನ್ನು ಒಂದು ಮಾಡಿದರು. ಮಾಂಟ್ರಿಯಲ್ ದ್ವೀಪವನ್ನು 2002ರಲ್ಲಿ ಒಂದೇ ನಗರ ಮಾಡಿದರು. ಜನ ಒಪ್ಪಲಿಲ್ಲ, 15 ಊರುಗಳು 2004ರಲ್ಲಿ ಮತ ಹಾಕಿ 2006ರಲ್ಲಿ ಬಿಡಿಸಿಕೊಂಡೇ ಹೋದವು. ಅವುಗಳಲ್ಲೊಂದಾದ ವೆಸ್ಟ್‌ಮೌಂಟ್‌ನ ನಾಲ್ಕೂ ಕಡೆ ಇಂದಿಗೂ ಮಾಂಟ್ರಿಯಲ್ಲೇ.

ಪ್ರಶ್ನೆ: ಟೊರಾಂಟೊದ ಚಿತ್ರಗಳಲ್ಲಿ ಗೋಪುರಗಳು ಒಂದೆಡೆ ಇರದೆ ಅಲ್ಲೊಂದು ಗುಂಪು, ಇಲ್ಲೊಂದು ಗುಂಪು ಕಾಣುತ್ತವೆ. ನಡುವೆ ಪುಟ್ಟ ಮನೆಗಳು. ಯಾಕೆ ಹೀಗೆ? (ವಿ. ಎನ್., ಹುಬ್ಬಳ್ಳಿ)

ಮೊದಲು ಸಿಎನ್ ಟವರ್ ಬದಿಗಿಡಿ. 553 ಮೀಟರಿನ ಅದು ಮಹಡಿ ಲೆಕ್ಕದ ಕಟ್ಟಡವಲ್ಲ, ಪ್ರಸಾರದ ಕಂಬ. ಪೇಟೆಯಲ್ಲಿ ಎತ್ತರದ ಕಟ್ಟಡಗಳೆದ್ದು ಟಿವಿ ಸಂಕೇತಕ್ಕೆ ಅಡ್ಡ ಬಂದವು, ಚಿತ್ರ ಎರಡೆರಡಾಗಿ ಕಾಣತೊಡಗಿತು. ಅವೆಲ್ಲದರ ಮೇಲಿಂದ ಪ್ರಸಾರ ಮಾಡಲೆಂದು 1976ರಲ್ಲಿ ಇದು ತಲೆಯೆತ್ತಿತು. ಕಟ್ಟಡಗಳ ಸಾಲಿನಲ್ಲಿ ಬಹುಕಾಲ ಮೊದಲ ಸ್ಥಾನದಲ್ಲಿದ್ದುದು 1975ರ ಫಸ್ಟ್ ಕೆನೇಡಿಯನ್ ಪ್ಲೇಸ್, 298 ಮೀಟರ್.

ಇನ್ನು ಗುಂಪುಗಳ ವಿಷಯ. 1954ರಲ್ಲಿ ಶುರುವಾದ ಯಂಗ್ ಬೀದಿಯ ಸಬ್‌ವೇ ಹಿಡಿದು ಉತ್ತರಕ್ಕೆ ಹೊರಟರೆ ಎಗ್ಲಿಂಟನ್‌ನಲ್ಲಿ ಒಂದು ಗೋಪುರದ ಗುಂಪು, ನಾರ್ತ್ ಯಾರ್ಕ್‌ನಲ್ಲಿ ಇನ್ನೊಂದು. ನಿಲ್ದಾಣದಿಂದ ಐದು ನಿಮಿಷ ಒಳಗೆ ನಡೆಯಿರಿ, ಎರಡಂತಸ್ತಿನ ಮನೆ, ಮುಂದೆ ಹುಲ್ಲು, ಪಕ್ಕದಲ್ಲಿ ಕಾರು. ಇದು ಎಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮದ ಕೆಲಸ. ನಕ್ಷೆಯಲ್ಲಿ ಹಳದಿ ಬಳಿದ ಮನೆ ಪ್ರದೇಶಗಳಲ್ಲಿ ಬಹುಕಾಲ ಎತ್ತರಕ್ಕೆ ಅವಕಾಶವೇ ಇರಲಿಲ್ಲ. ಅವಕ್ಕೆ ‘ಹಳದಿ ಪಟ್ಟಿ’ ಎಂದೇ ಅಡ್ಡಹೆಸರು. ಜನರ ಒತ್ತಡವೆಲ್ಲ ಮುಖ್ಯರಸ್ತೆಯ ಒಂದೆರಡು ನಿವೇಶನಗಳ ಮೇಲೆ ಬಿತ್ತು, ಅಲ್ಲಿ ಐವತ್ತು ಮಹಡಿ ಎದ್ದಿತು. 2023ರಲ್ಲಿ ಊರಿಡೀ ಒಂದು ನಿವೇಶನದಲ್ಲಿ ನಾಲ್ಕು ಮನೆಗಳಿಗೆ ಅನುಮತಿ ಕೊಟ್ಟರು. ತಡವಾಯಿತು ಎನ್ನದೆ ವಿಧಿಯಿಲ್ಲ.

ಇವುಗಳ ಜೊತೆಗೆ 1960–70ರ ದಶಕದಲ್ಲಿ ಸ್ಕಾರ್‌ಬರೋ, ನಾರ್ತ್ ಯಾರ್ಕ್ ಬಯಲುಗಳಲ್ಲಿ ಕಟ್ಟಿದ ಕಾಂಕ್ರೀಟ್ ಬಾಡಿಗೆ ಬ್ಲಾಕುಗಳಿವೆ. ಹೊರದೇಶದಿಂದ ಬಂದ ಎಷ್ಟೋ ಕುಟುಂಬಗಳ ಮೊದಲ ಮನೆ ಅಲ್ಲೇ. ಅವುಗಳಲ್ಲಿ ಹಲವು ಸಬ್‌ವೇಯಿಂದ ದೂರ. ಎತ್ತರದ ಮನೆ ಎಂದರೆ ನಿಲ್ದಾಣದ ಪಕ್ಕ ಎಂದುಕೊಂಡು ಬಾಡಿಗೆ ಒಪ್ಪಿದರೆ ಜನವರಿಯ ಚಳಿಯಲ್ಲಿ ಬಸ್‌ಗೆ ಕಾಯಬೇಕಾದೀತು.

ಪ್ರಶ್ನೆ: ಬೆಟ್ಟ ಕಾಣಬೇಕೆಂದು ಕಟ್ಟಡದ ಎತ್ತರ ಕಡಿಮೆ ಮಾಡಿಸುವ ನಗರಗಳಿವೆಯಂತೆ. ನಿಜವೇ? (ಎಂ.ಆರ್., ಮಡಿಕೇರಿ)

ನಿಜ, ಒಂದಲ್ಲ ಎರಡು. ಮಾಂಟ್ರಿಯಲ್‌ನಲ್ಲಿ ನಿಯಮ ಸರಳ: ಯಾವ ಕಟ್ಟಡವೂ ಮೌಂಟ್ ರಾಯಲ್ ಗುಡ್ಡದ ನೆತ್ತಿಯನ್ನು ಮೀರಬಾರದು. ಆ ನೆತ್ತಿ ಸಮುದ್ರಮಟ್ಟದಿಂದ ಸುಮಾರು 233 ಮೀಟರ್. ಅಳತೆ ಸಮುದ್ರಮಟ್ಟದಿಂದ ಆದ್ದರಿಂದ, ತಗ್ಗು ನೆಲದಲ್ಲಿ ನಿಂತ ಕಟ್ಟಡಕ್ಕೆ ನಾಲ್ಕು ಮಹಡಿ ಹೆಚ್ಚು ದಕ್ಕುತ್ತದೆ, ಗುಡ್ಡದ ಬುಡದಲ್ಲಿರುವುದಕ್ಕೆ ಕಡಿಮೆ. 1992ರ ‘1000 ದ ಲ ಗೋಶೆತಿಯೇರ್’ ಎಂಬ ಕಟ್ಟಡ 205 ಮೀಟರ್ ಏರಿತು. ಆಮೇಲೆ ಮೂವತ್ತು ವರ್ಷದಲ್ಲಿ ಅದನ್ನು ಹಿಂದೆ ಹಾಕಿದ್ದು ಯಾವುದೂ ಇಲ್ಲ. ದೂರದಿಂದ ನೋಡಿದರೆ ಗೋಪುರಗಳ ತಲೆಯನ್ನು ಹಗ್ಗ ಹಿಡಿದು ಸಮ ಮಾಡಿದಂತಿರುತ್ತದೆ.

ಆ ಊರಿನ ನಿಜವಾದ ಮುಖ ಕೆಳಗಿದೆ. ಪ್ಲಾಟೊ ಬಡಾವಣೆಯಲ್ಲಿ ಒಂದರ ಮೇಲೊಂದು ಮೂರು ಮನೆ, ಮೇಲಿನವಕ್ಕೆ ಹತ್ತಲು ಬೀದಿಯ ಕಡೆಯೇ ಬಾಗಿದ ಕಬ್ಬಿಣದ ಮೆಟ್ಟಿಲು. ಮೆಟ್ಟಿಲು ಹೊರಗೆ ಹೋದಷ್ಟು ಒಳಗೆ ಕೋಣೆ ದೊಡ್ಡದಾಯಿತು. ತೊಂದರೆ ಎರಡು: ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ ಮಂಜು, ಜುಲೈ 1ರಂದು ಫ್ರಿಜ್. ಕ್ವಿಬೆಕ್‌ನಲ್ಲಿ ಬಾಡಿಗೆ ಕರಾರುಗಳು ಬಹುಪಾಲು ಜೂನ್ 30ಕ್ಕೆ ಮುಗಿಯುವುದರಿಂದ ಊರಿಗೆ ಊರೇ ಒಂದೇ ದಿನ ಮನೆ ಬದಲಿಸುತ್ತದೆ. ಮೂರನೇ ಮಹಡಿಯ ಮನೆ ಹಿಡಿಯುವವರು ಮೆಟ್ಟಿಲ ಅಗಲವನ್ನು ಟೇಪಿನಲ್ಲಿ ಅಳೆದು ಮಂಚ ಕೊಳ್ಳುವುದು ಒಳ್ಳೆಯದು.

ವ್ಯಾಂಕೂವರ್‌ನದು ಇನ್ನೂ ಸೂಕ್ಷ್ಮ ಲೆಕ್ಕ. ಗೊತ್ತುಪಡಿಸಿದ ಜಾಗಗಳಲ್ಲಿ ನಿಂತವರ ಕಣ್ಣಿನಿಂದ ಉತ್ತರದ ಬೆಟ್ಟಸಾಲಿನವರೆಗೆ ಕಾಣದ ಗೆರೆ ಎಳೆದು, ಆ ಗೆರೆಯನ್ನು ಕಟ್ಟಡ ತಾಗಬಾರದು ಎಂದು 1989ರಲ್ಲಿ ನಿಯಮ ಮಾಡಿದರು. ಅದರ ಜೊತೆ ಬಂದ ಶೈಲಿ: ಕೆಳಗೆ ಬೀದಿಯುದ್ದಕ್ಕೂ ಅಂಗಡಿ, ಸಾಲುಮನೆಗಳ ತಗ್ಗು ಕಟ್ಟಡ, ಅದರ ಮೇಲೆ ಸಪೂರ ಗಾಜಿನ ಗೋಪುರ, ಗೋಪುರದಿಂದ ಗೋಪುರಕ್ಕೆ ಸುಮಾರು 80 ಅಡಿ ಅಂತರ. ಬೆಟ್ಟ ಉಳಿಯಿತು, ಮನೆ ಸಾಲದಾಯಿತು. 2024ರಲ್ಲಿ ಕೆಲವು ಗೆರೆಗಳನ್ನು ಸಡಿಲಿಸಿದ್ದಾರೆ. ಅಷ್ಟರಲ್ಲಿ ಗೋಪುರಗಳು ಸ್ಕೈಟ್ರೇನ್ ಎಂಬ ನಗರ ರೈಲಿನ ಹಳಿ ಹಿಡಿದು ಬರ್ನಬಿಗೆ ಹೋಗಿದ್ದವು. ವ್ಯಾಂಕೂವರ್ ಪೇಟೆಯ ಶಾಂಗ್ರಿ-ಲಾ ಗೋಪುರ 201 ಮೀಟರ್. ಬರ್ನಬಿಯ ಗಿಲ್ಮೋರ್ ನಿಲ್ದಾಣದ ಪಕ್ಕ ಅದಕ್ಕಿಂತ ಎತ್ತರದ್ದು ಎದ್ದಿದೆ. ಅಡ್ಡಕ್ಕೆ ಹರಡಲು ಜಾಗವಿಲ್ಲದ್ದೂ ಕಾರಣ: ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಬೆಟ್ಟ, ದಕ್ಷಿಣಕ್ಕೆ ಅಮೆರಿಕದ ಗಡಿ, ಉಳಿದ ಹೊಲಗಳಿಗೆ 1973ರ ಕೃಷಿಭೂಮಿ ಕಾಯ್ದೆಯ ಬೇಲಿ.

ಪ್ರಶ್ನೆ: ಕ್ಯಾಲ್ಗರಿಯಲ್ಲಿ ಕಚೇರಿ ಗೋಪುರಗಳನ್ನು ಮನೆ ಮಾಡುತ್ತಿದ್ದಾರಂತೆ. ಗೋಡೆ ಹಾಕಿದರೆ ಆಯಿತಲ್ಲವೇ? (ಸಿವಿಲ್ ವಿದ್ಯಾರ್ಥಿ, ದಾವಣಗೆರೆ)

ಗೋಡೆ ಸುಲಭ, ಕಿಟಕಿ ಕಷ್ಟ. ಆ ಗೋಪುರಗಳೆಲ್ಲ ತೈಲ ಕಂಪನಿಗಳ ಹಣದಲ್ಲಿ ಎದ್ದವು. 2014ರಲ್ಲಿ ತೈಲಬೆಲೆ ಕುಸಿದಾಗ ಹಲವು ಮಹಡಿಗಳು ಖಾಲಿಯಾದವು. 2021ರಿಂದ ನಗರಾಡಳಿತ ಪರಿವರ್ತನೆಗೆ ಚದರಡಿಗೆ 75 ಡಾಲರ್ ಸಹಾಯಧನ ಕೊಟ್ಟಿತು. ಆದರೆ ಮಹಡಿ ಅಗಲವಾಗಿದ್ದರೆ ನಡುವಿನ ಕೋಣೆಗೆ ಬೆಳಕೇ ಇಲ್ಲ. ಕಚೇರಿಯಲ್ಲಿ ಶೌಚಾಲಯವೆಲ್ಲ ಲಿಫ್ಟಿನ ಸುತ್ತ ಒಂದೇ ಕಡೆ; ಮನೆಗಾದರೆ ಪ್ರತಿ ಅಡುಗೆಮನೆಗೂ ಬಚ್ಚಲಿಗೂ ಸ್ಲ್ಯಾಬ್ ಕೊರೆದು ಪೈಪು ಇಳಿಸಬೇಕು. ಹಾಗಾಗಿ ಚಿಕ್ಕ ಮಹಡಿಯ ಹಳೆಯ ಕಟ್ಟಡಗಳಿಗೆ ಇದು ಹೊಂದುತ್ತದೆ, ಹೊಸ ದೈತ್ಯರಿಗೆ ಅಷ್ಟಾಗಿ ಇಲ್ಲ.

ಅದೇ ಪ್ರಾಂತ್ಯದ ಎಡ್ಮಂಟನ್‌ನದು ಬೇರೆ ಕಥೆ. ನಗರದ ನಡುವೆಯೇ ವಿಮಾನ ನಿಲ್ದಾಣವಿದ್ದು ಕಟ್ಟಡಗಳ ಎತ್ತರ ಬಿಗಿಹಿಡಿದಿತ್ತು. 2013ರಲ್ಲಿ ಅದು ಮುಚ್ಚಿತು. ಕೆಲವೇ ವರ್ಷಗಳಲ್ಲಿ 251 ಮೀಟರಿನ ಸ್ಟ್ಯಾಂಟೆಕ್ ಟವರ್ ಎದ್ದಿತು.

ಪ್ರಶ್ನೆ: ಒಟ್ಟಾವಾ ರಾಜಧಾನಿ, ಆದರೂ ಬಡಾವಣೆಗಳು ಅಷ್ಟು ದೂರ ಏಕೆ? (ಜಿ.ಬಿ., ಶಿರಾ)

1950ರ ನಗರ ಯೋಜನೆಯಲ್ಲಿ ಊರಿನ ಸುತ್ತ ಹಸಿರು ಪಟ್ಟಿ ಬಿಡಲು ಹೇಳಿದರು. ಸರ್ಕಾರ ಸುಮಾರು 20,000 ಹೆಕ್ಟೇರ್ ಬಿಡಿಸಿತು. ಬೆಳವಣಿಗೆ ಅಲ್ಲಿ ನಿಲ್ಲಲಿಲ್ಲ, ಪಟ್ಟಿಯನ್ನು ಹಾರಿ ಆಚೆ ಕನಾಟಾ, ಬಾರ್‌ಹೇವನ್, ಒರ್ಲಿಯನ್ಸ್ ಆಯಿತು. ನಡುವೆ ಹೊಲ ದಾಟಿಯೇ ಕೆಲಸಕ್ಕೆ ಹೋಗಬೇಕು. ನಿಮ್ಮ ಶಿರಾ ತಾಲ್ಲೂಕಿನವರೇ ಆದ ಚಂದ್ರ ಆರ್ಯ 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡ ಮಾತಾಡಿದರಲ್ಲ, ಅವರು ಆಗ ಪ್ರತಿನಿಧಿಸುತ್ತಿದ್ದ ನೇಪಿಯನ್ ಕ್ಷೇತ್ರ ಇದೇ ಊರಿನ ಹೊರವಲಯದ್ದು.

ಪ್ರಶ್ನೆ: ಮಗ ‘ಟೊರಾಂಟೊದಲ್ಲಿದ್ದೇನೆ’ ಅನ್ನುತ್ತಾನೆ, ವಿಳಾಸದಲ್ಲಿ ಬ್ರಾಂಪ್ಟನ್ ಅಂತ ಇದೆ. ಯಾವುದು ನಿಜ? (ಒಬ್ಬ ತಾಯಿ, ಉಡುಪಿ)

ಮಗ ಸುಳ್ಳು ಹೇಳುತ್ತಿಲ್ಲಮ್ಮ, ಅಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಪಿನ್ ಕೋಡಿನ ಮೊದಲ ಅಕ್ಷರ ನೋಡಿ. ‘ಎಂ’ ಇದ್ದರೆ ಟೊರಾಂಟೊ ನಗರ. ‘ಎಲ್’ ಇದ್ದರೆ ಸುತ್ತಲ ಬ್ರಾಂಪ್ಟನ್, ಮಿಸ್ಸಿಸಾಗದಂಥ ಊರುಗಳು. ಬ್ರಾಂಪ್ಟನ್‌ನಿಂದ ಪೇಟೆಯ ಯೂನಿಯನ್ ಸ್ಟೇಷನ್‌ಗೆ ‘ಗೋ’ ಎಂಬ ಉಪನಗರ ರೈಲಿನಲ್ಲಿ ಮುಕ್ಕಾಲು ಗಂಟೆಯ ಸುಮಾರು. ನೀವು ಇಳಿಯುವ ಪಿಯರ್ಸನ್ ವಿಮಾನ ನಿಲ್ದಾಣ ಕೂಡ ಇರುವುದು ಮಿಸ್ಸಿಸಾಗದಲ್ಲಿ. ಮಗನ ಮನೆಗೆ ಅಲ್ಲಿಂದಲೇ ಹತ್ತಿರ, ಟೊರಾಂಟೊ ಪೇಟೆಗೆ ಹೋಗಿ ಬರುವ ಟಿಕೆಟ್ ಮೊದಲೇ ಕೊಳ್ಳಬೇಡಿ.