ಬ್ರೇಕ್ ಹಾಕಿದಾಗ ನಮ್ಮನ್ನು ತಳ್ಳಿದ್ದು ಯಾರು?

ಓಡುವ, ನಿಲ್ಲುವ, ಬೀಳುವ, ಜಾರುವ ವಸ್ತುಗಳ ಬಗ್ಗೆ ಏನೇ ಸಂಶಯ ಇದ್ದರೂ ಬರೆದು ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕಾಸರಗೋಡಿನ ಕಡೆಯಿಂದ ಬಂದಷ್ಟು ಪತ್ರ ಬೇರೆಲ್ಲಿಂದಲೂ ಬರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ.

ದಿನಾ ಪೆರ್ಲದಿಂದ ಬದಿಯಡ್ಕದ ದಾರಿಯಾಗಿ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುತ್ತೇನೆ, ಹೆಚ್ಚಾಗಿ ನಿಂತೇ. ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತೇವೆ, ತಿರುವಿನಲ್ಲಿ ಹೊರಗಡೆಗೆ ವಾಲುತ್ತೇವೆ. ನಮ್ಮನ್ನು ಹೀಗೆ ತಳ್ಳುವ ಬಲ ಯಾವುದು? (ಪೆರ್ಲದ ಓದುಗರು)

ಯಾವುದೂ ಇಲ್ಲ. ನಿಮ್ಮನ್ನು ಯಾರೂ ಮುಂದಕ್ಕೆ ತಳ್ಳುತ್ತಿಲ್ಲ.

ಇಂಥ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ನೋಡುವುದು ಒಂದನ್ನೇ: ಆ ಹೊತ್ತಿಗೆ ನಿಮ್ಮ ಮೈಯನ್ನು ಮುಟ್ಟಿಕೊಂಡಿರುವುದು ಏನೇನು? ಪಾದದ ಕೆಳಗೆ ಬಸ್ಸಿನ ನೆಲ, ಕೈಯಲ್ಲಿ ಮೇಲಿನ ಕಂಬಿ, ಅಷ್ಟೆ. ಭೂಮಿ ಎಳೆಯುತ್ತದೆ ನಿಜ, ಆದರೆ ಅದು ಕೆಳಗೆ ಎಳೆಯುವುದು, ಮುಂದಕ್ಕಲ್ಲ. ಡ್ರೈವರ್ ಬ್ರೇಕ್ ಒತ್ತಿದಾಗ ಚಕ್ರದ ತಿರುಗಾಟ ಕಡಿಮೆಯಾಗುತ್ತದೆ, ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಬಸ್ಸು ನಿಧಾನವಾಗುತ್ತದೆ. ಬಸ್ಸಿನ ನೆಲವೂ ನಿಧಾನವಾಗಿ, ಘರ್ಷಣೆಯಿಂದ ನಿಮ್ಮ ಪಾದವನ್ನು ಹಿಂದಕ್ಕೆ ಹಿಡಿಯುತ್ತದೆ. ಹಿಂದಕ್ಕೆ, ಗಮನಿಸಿ. ಆದರೆ ಸೊಂಟದಿಂದ ಮೇಲಿನ ಮೈಯನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಬಸ್ಸು 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಆ ಮೈಯೂ ಅದೇ 40ರ ವೇಗದಲ್ಲಿ ಹೋಗುತ್ತಾ ಇತ್ತು, ಈಗಲೂ ಹೋಗುತ್ತಲೇ ಇದೆ. ಕಾಲು ನಿಂತಿತು, ತಲೆ ನಿಲ್ಲಲಿಲ್ಲ. ಮುಗ್ಗರಿಸುವುದು ಅಂದರೆ ಇಷ್ಟೇ.

ತಿರುವಿನಲ್ಲೂ ಇದೇ ಕತೆ. ಬಸ್ಸು ಎಡಕ್ಕೆ ತಿರುಗುತ್ತದೆ, ನಿಮ್ಮ ಮೈ ನೇರ ಹೋಗಲು ನೋಡುತ್ತದೆ. ಬಲಗಡೆ ಕಿಟಕಿಯ ಪಕ್ಕ ಕೂತವರಿಗೆ ತಾವು ಹೋಗಿ ಬಸ್ಸಿನ ಬದಿಗೆ ಒತ್ತಿಕೊಂಡ ಹಾಗೆ ಅನಿಸುತ್ತದೆ. ರಸ್ತೆಯ ಬದಿಯಲ್ಲಿ ನಿಂತು ನೋಡಿದವರಿಗೆ ಕಾಣುವುದು ಬೇರೆ: ಬಸ್ಸಿನ ಬದಿಯೇ ಬಂದು ಅವರನ್ನು ಎಡಕ್ಕೆ ತಳ್ಳಿ ತಿರುಗಿಸುತ್ತಿದೆ. ಆ ಬದಿ ಅಲ್ಲಿ ಇಲ್ಲದೆ ಹೋದರೆ, ಅಂದರೆ ತೆರೆದ ಬಾಗಿಲಲ್ಲಿ ನೇತಾಡುತ್ತಿದ್ದರೆ, ತಿರುಗಿಸಲು ಉಳಿಯುವುದು ಕೈಯ ಹಿಡಿತ ಮಾತ್ರ.

ವಸ್ತು ಓಡುತ್ತಾ ಇರಬೇಕಾದರೆ ಅದನ್ನು ಯಾರಾದರೂ ತಳ್ಳುತ್ತಾ ಇರಬೇಕು ಎಂದು ಅರಿಸ್ಟಾಟಲ್ ಕಾಲದಿಂದ ಸುಮಾರು 2000 ವರ್ಷ ಹೆಚ್ಚಿನವರು ನಂಬಿದ್ದರು. ನೋಡಿದರೆ ಹಾಗೇ ಅನಿಸುತ್ತದೆ ಅಲ್ವಾ, ಕೈಗಾಡಿ ತಳ್ಳುವುದು ಬಿಟ್ಟರೆ ನಿಲ್ಲುತ್ತದೆ. ಗೆಲಿಲಿಯೋ ಇಳಿಜಾರಿನಲ್ಲಿ ಗುಂಡು ಉರುಳಿಸಿ ಬೇರೆ ರೀತಿ ಯೋಚಿಸಿದ. ಒಂದು ಇಳಿಜಾರಿನಿಂದ ಇಳಿದ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಮೊದಲಿನ ಎತ್ತರಕ್ಕೇ ಏರುತ್ತದೆ. ಎದುರಿನ ಏರನ್ನು ತಗ್ಗಿಸಿದಷ್ಟೂ ಆ ಎತ್ತರ ಮುಟ್ಟಲು ಇನ್ನೂ ದೂರ ಹೋಗಬೇಕು. ಹಾಗಾದರೆ ಏರೇ ಇಲ್ಲದ ಸಮತಟ್ಟು ನೆಲದಲ್ಲಿ, ಘರ್ಷಣೆಯೂ ಇಲ್ಲದಿದ್ದರೆ? ನಿಲ್ಲಲು ಕಾರಣವೇ ಇಲ್ಲ. ನ್ಯೂಟನ್ ಇದನ್ನೇ 1687ರಲ್ಲಿ ತನ್ನ ಮೊದಲ ನಿಯಮವಾಗಿ ಬರೆದ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಇವತ್ತಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಲೇ ಇದೆ, ಅದನ್ನು ಮುಂದಕ್ಕೆ ತಳ್ಳುತ್ತಿರುವ ಎಂಜಿನ್ ಯಾವುದೂ ಇಲ್ಲ.

ನಿಮಗೆ ಒಂದು ಉಪಯೋಗದ ಮಾತು. ಬಸ್ಸಿನಲ್ಲಿ ನಿಲ್ಲುವಾಗ ಎರಡು ಪಾದಗಳನ್ನು ಜೋಡಿಸಿ ನಿಲ್ಲಬೇಡಿ. ಒಂದು ಪಾದ ಮುಂದೆ, ಒಂದು ಹಿಂದೆ ಇಟ್ಟು ಸ್ವಲ್ಪ ಓರೆಯಾಗಿ ನಿಂತರೆ, ಬ್ರೇಕ್ ಬಿದ್ದಾಗ ಮುಂದಿನ ಕಾಲು ಮೈಯ ಭಾರವನ್ನು ತಡೆದುಕೊಳ್ಳುತ್ತದೆ.

ಮಧೂರಿನಿಂದ ಬರುವಾಗ ಅಪ್ಪ ಗ್ಯಾಸಿನ ಪುಗ್ಗೆ ತೆಗೆಸಿಕೊಟ್ಟರು. ಕಾರಿನಲ್ಲಿ ಅಪ್ಪ ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ಬಾಗಿದೆವು, ಪುಗ್ಗೆ ಮಾತ್ರ ಹಿಂದಕ್ಕೆ ಹೋಯಿತು! ಯಾಕೆ? (ನೀರ್ಚಾಲು, ಆರನೇ ಕ್ಲಾಸು)

ನೀನು ನೋಡಿದ್ದು ಸರಿಯಾಗಿಯೇ ಇದೆ ಪುಟ್ಟಾ, ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ನಿನ್ನ ಪತ್ರ. ದೊಡ್ಡವರು ಎಷ್ಟೋ ಜನ ಇದನ್ನು ಕಂಡೂ ಕೇಳುವುದಿಲ್ಲ.

ಕಾರಿನೊಳಗೆ ನಿಮ್ಮನ್ನು ಬಿಟ್ಟು ಇನ್ನೊಂದು ಇದೆ, ಗಾಳಿ. ಅದಕ್ಕೂ ತೂಕ ಇದೆ. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಕಾರಿನೊಳಗೆ 3 ಘನ ಮೀಟರ್ ಜಾಗ ಇದ್ದರೆ ಅಲ್ಲಿ ಮೂರೂವರೆ ಕಿಲೋದಷ್ಟು ಗಾಳಿ ನಿಮ್ಮ ಜೊತೆಗೇ ಪ್ರಯಾಣ ಮಾಡುತ್ತಿದೆ. ಬ್ರೇಕ್ ಹಾಕಿದಾಗ ಆ ಗಾಳಿಯೂ ನಿಮ್ಮ ಹಾಗೆಯೇ ಮುಂದಕ್ಕೆ ಹೋಗಲು ನೋಡುತ್ತದೆ, ಮುಂದಿನ ಗಾಜಿನ ಹತ್ತಿರ ಸ್ವಲ್ಪ ದಟ್ಟವಾಗುತ್ತದೆ. ಆಗ ಅಲ್ಲಿ ಒತ್ತಡ ಜಾಸ್ತಿ, ಹಿಂದಿನ ಸೀಟಿನ ಕಡೆ ಕಡಿಮೆ. ಪುಗ್ಗೆಯೊಳಗಿನ ಹೀಲಿಯಂ ಗಾಳಿಗಿಂತ ತುಂಬಾ ಹಗುರ. ಅದಕ್ಕೂ ಮುಂದೆ ಹೋಗುವ ಹಟ ಇದೆ, ಆದರೆ ಬಹಳ ಸಣ್ಣ ಹಟ. ಸುತ್ತಲಿನ ಗಾಳಿ ಅದನ್ನು ಗೆದ್ದು ಹಿಂದಕ್ಕೆ ತಳ್ಳುತ್ತದೆ. ಅಂದರೆ ಇಲ್ಲಿ ನಿಜವಾಗಿ ತಳ್ಳಿದವರು ಇದ್ದಾರೆ.

ಪುಗ್ಗೆ ಇಲ್ಲದಿದ್ದರೂ ಇದನ್ನು ನೋಡಬಹುದು. ಕುಡಿಯುವ ನೀರಿನ ಬಾಟಲಿಯನ್ನು ಸ್ವಲ್ಪ ಖಾಲಿ ಬಿಟ್ಟು ಮುಚ್ಚಳ ಬಿಗಿ ಮಾಡಿ, ಕುತ್ತಿಗೆ ಮುಂದಕ್ಕೆ ಬರುವ ಹಾಗೆ ಸೀಟಿನ ಮೇಲೆ ಅಡ್ಡ ಮಲಗಿಸಿ ಹಿಡಿದುಕೋ. ಬ್ರೇಕ್ ಬಿದ್ದಾಗ ಒಳಗಿನ ಗಾಳಿಗುಳ್ಳೆ ಯಾವ ಕಡೆ ಓಡುತ್ತದೆ ನೋಡು. ಕಾರು ಹೊರಡುವಾಗಲೂ ನೋಡು. ಮತ್ತೆ, ಜಾತ್ರೆಯಲ್ಲಿ ಕೆಲವರು ಹೀಲಿಯಂ ಬದಲು ಹೈಡ್ರೋಜನ್ ತುಂಬುವುದುಂಟು. ಅದಕ್ಕೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಗ್ಯಾಸಿನ ಪುಗ್ಗೆಯನ್ನು ಬೆಂಕಿಯ ಹತ್ತಿರ ಕೊಂಡೊಯ್ಯಲೇಬೇಡ.

ಕೊಡಲಿಯ ಕಾವು ಸಡಿಲವಾದರೆ ನಮ್ಮ ಮಾವ ಕೊಡಲಿಯನ್ನು ತಲೆಕೆಳಗಾಗಿ ಗಾಳಿಯಲ್ಲಿ ಹಿಡಿದು ಕಾವಿನ ಮೇಲ್ತುದಿಗೆ ಕೊಡತಿಯಲ್ಲಿ ಬಡಿಯುತ್ತಾರೆ. ಕಬ್ಬಿಣ ಕೆಳಗೆ ಬಿದ್ದುಹೋಗಬೇಕಿತ್ತು, ಅದು ಮೇಲಕ್ಕೆ ಹತ್ತಿ ಬಿಗಿಯಾಗುತ್ತದೆ! (ಎಣ್ಮಕಜೆಯಿಂದ ಕೃಷಿಕರು)

ನಿಮ್ಮ ಮಾವನ ಕ್ರಮ ಸರಿ. ಕೊಡತಿಯ ಪೆಟ್ಟು ಬೀಳುವುದು ಮರದ ಕಾವಿಗೆ. ಕಾವು ಹಗುರ, ಪೆಟ್ಟಿಗೆ ಥಟ್ಟನೆ ಕೆಳಗೆ ಸರಿಯುತ್ತದೆ. ಕಬ್ಬಿಣದ ತಲೆ ಭಾರ, ಅಷ್ಟು ಸಣ್ಣ ಹೊತ್ತಿನಲ್ಲಿ ಅದು ಕಾವಿನ ವೇಗಕ್ಕೆ ಬರಲಾರದೆ ಇದ್ದಲ್ಲೇ ಉಳಿಯುತ್ತದೆ. ಕಾವು ಕೊಡಲಿಯ ಕಣ್ಣಿನೊಳಗೆ, ಅಂದರೆ ಕಬ್ಬಿಣದ ತೂತಿನೊಳಗೆ, ಇನ್ನಷ್ಟು ಇಳಿಯಿತು, ನಮಗೆ ಕಾಣುವಾಗ ಕಬ್ಬಿಣ ಮೇಲೆ ಹತ್ತಿದ ಹಾಗೆ ಕಂಡಿತು. ಇನ್ನು ಕೆಲವರು ಕಬ್ಬಿಣದ ತಲೆ ಮೇಲೆ ಇಟ್ಟುಕೊಂಡು ಕಾವಿನ ಬುಡವನ್ನು ಕಲ್ಲಿಗೆ ಕುಟ್ಟುತ್ತಾರೆ. ಅಲ್ಲಿ ಕಾವು ಥಟ್ಟನೆ ನಿಲ್ಲುತ್ತದೆ, ತಲೆ ಕೆಳಗೆ ಇಳಿಯುತ್ತಲೇ ಹೋಗಿ ಬಿಗಿಯಾಗುತ್ತದೆ. ಒಂದರಲ್ಲಿ ನಿಂತದ್ದು ನಿಂತೇ ಇರುವ ಗುಣ, ಇನ್ನೊಂದರಲ್ಲಿ ಹೋಗುತ್ತಿದ್ದದ್ದು ಹೋಗುತ್ತಲೇ ಇರುವ ಗುಣ. ಎರಡೂ ಜಡತ್ವವೇ.

ಬೀಸುವಾಗ ಇದೇ ಗುಣ ಅಪಾಯ ತರುತ್ತದೆ. ಕೊಡಲಿ ವೃತ್ತದಲ್ಲಿ ತಿರುಗುತ್ತಿದ್ದರೂ ಕಬ್ಬಿಣದ ತಲೆ ಪ್ರತಿ ಕ್ಷಣವೂ ನೇರ ಹೋಗಲು ನೋಡುತ್ತದೆ, ಕಾವಿನ ಹಿಡಿತ ಅದನ್ನು ಒಳಕ್ಕೆ ಎಳೆಯುತ್ತಾ ಇರುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕಿರಿದಾಗಿ ಹಿಡಿತ ಬಿಟ್ಟರೆ ತಲೆ ಕಳಚಿ ಹಾರುತ್ತದೆ. ರಾತ್ರಿ ನೀರಿನಲ್ಲಿ ಮುಳುಗಿಸಿ ಇಟ್ಟರೆ ಮರ ಉಬ್ಬಿ ಬಿಗಿಯಾಗುತ್ತದೆ, ಆದರೆ ಒಣಗಿದ ಮೇಲೆ ಮತ್ತೆ ಸಡಿಲ. ಹೊಸ ಆಪು (ಬೆಣೆ) ಹೊಡೆಯುವುದೇ ಒಳ್ಳೆಯದು. ಸಡಿಲವಾದ ಕೊಡಲಿ ಹಿಡಿದು ಕೆಲಸಕ್ಕೆ ಇಳಿಯಬೇಡಿ, ಎದುರಿಗೆ ಮಕ್ಕಳು ನಿಂತಿರುತ್ತಾರೆ.

ಅಡಿಕೆ ಹಾಳೆಯಲ್ಲಿ ತಮ್ಮನನ್ನು ಕೂರಿಸಿ ಎಳೆಯುವಾಗ ಹೊರಡಿಸುವುದೇ ಕಷ್ಟ, ಹೊರಟ ಮೇಲೆ ಸುಲಭ. ಯಾಕೆ? (ಮೀಂಜದಿಂದ)

ಎರಡು ಕಾರಣ. ನಿಂತಿರುವಾಗ ಹಾಳೆ ಮತ್ತು ನೆಲದ ನಡುವಿನ ಘರ್ಷಣೆ, ಜಾರುತ್ತಿರುವಾಗ ಇರುವುದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಅದರ ಮೇಲೆ ತಮ್ಮನನ್ನು ನಿಂತಲ್ಲಿಂದ ಓಟಕ್ಕೆ ತರಬೇಕು. ಒಂದೇ ವೇಗದಲ್ಲಿ ಹೋಗುತ್ತಿರುವಾಗ ನಿನ್ನ ಎಳೆತ ಪೂರ್ತಿ ಘರ್ಷಣೆಗೆ ಸಮವಾಗಿ ಕಳೆದುಹೋಗುತ್ತದೆ, ಓಡಿಸಲು ಅಂತ ಬೇರೆ ಖರ್ಚು ಇಲ್ಲ. ಜೋರಾಗಿ ಜಗ್ಗಿ ಹೊರಡಿಸಿದರೆ ಹಾಳೆ ಮುಂದೆ ಬರುತ್ತದೆ, ತಮ್ಮ ಹಿಂದೆ ಮಗುಚಿ ಬೀಳುತ್ತಾನೆ, ಅವನಿಗೆ ಮುಂದಿನ ಕಡೆ ಗಟ್ಟಿ ಹಿಡಿದುಕೊಳ್ಳಲು ಹೇಳು.

ಚಿಕ್ಕ ಮಗುವನ್ನು ಮಡಿಲಲ್ಲಿ ಗಟ್ಟಿ ಹಿಡಿದು ಮುಂದಿನ ಸೀಟಿನಲ್ಲಿ ಕೂತರೆ ಸಾಕಲ್ಲವೇ? ಮನೆ ಹತ್ತಿರದ ಪೇಟೆಗೆ ಹೋಗುವುದು ತಾನೇ. (ಉಪ್ಪಳದಿಂದ ಒಬ್ಬ ತಂದೆ)

ಸಾಲದು. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ದಯವಿಟ್ಟು ಪೂರ್ತಿ ಓದಿ.

60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 14 ಮೀಟರ್ ಎತ್ತರದಿಂದ, ಅಂದರೆ ಒಂದು ಎತ್ತರದ ಅಡಿಕೆಮರದ ತುದಿಯಿಂದ, ನೆಲಕ್ಕೆ ಬಿದ್ದಾಗ ಇರುವ ವೇಗ ಇಷ್ಟೇ. ಈ ವೇಗದಲ್ಲಿ ಕಾರು ಮರಕ್ಕೋ ಇನ್ನೊಂದು ಗಾಡಿಗೋ ಬಡಿದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಮಗುವಿನ ತೂಕ 10 ಕಿಲೋ. ಅಷ್ಟೇ ಹೊತ್ತಿನಲ್ಲಿ ಮಗುವನ್ನೂ ನಿಲ್ಲಿಸಬೇಕಾದರೆ ನಿಮ್ಮ ಕೈಗಳು ಸುಮಾರು 170 ಕಿಲೋ ಭಾರ ಎತ್ತುವಷ್ಟು ಬಲ ಹಾಕಬೇಕು, ಅದೂ ಏನಾಯಿತು ಎಂದು ಗೊತ್ತಾಗುವ ಮೊದಲೇ. ಎಷ್ಟು ಪ್ರೀತಿ ಇದ್ದರೂ ಯಾವ ಅಪ್ಪನಿಗೂ ಅಮ್ಮನಿಗೂ ಇದು ಆಗದ ಕೆಲಸ. ನಿಮಗೂ ಬೆಲ್ಟ್ ಇಲ್ಲದಿದ್ದರೆ ನಿಮ್ಮ ಮೈಯೂ ಮುಂದೆ ಹೋಗುತ್ತದೆ, ನಡುವೆ ಸಿಕ್ಕುವುದು ಮಗು. ಏರ್‌ಬ್ಯಾಗ್ ಇದೆಯಲ್ಲ ಅನ್ನಬೇಡಿ. ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಉಬ್ಬುತ್ತದೆ, ಅಷ್ಟು ಹತ್ತಿರ ಇರುವ ಚಿಕ್ಕ ಮಗುವಿಗೆ ಅದರ ಪೆಟ್ಟೇ ಅಪಾಯ.

ಬೆಲ್ಟ್ ಮಾಡುವ ಕೆಲಸ ತುಂಬಾ ಸರಳ. ಕಾರು ನಿಧಾನವಾಗುತ್ತಿರುವಾಗಲೇ ನಿಮ್ಮನ್ನೂ ಅದರ ಜೊತೆ ನಿಧಾನ ಮಾಡಿಸುತ್ತದೆ, ಬಲವನ್ನು ಎದೆ ಮತ್ತು ಸೊಂಟದ ಗಟ್ಟಿ ಎಲುಬುಗಳ ಮೇಲೆ ಹರಡುತ್ತದೆ. ಭುಜದಿಂದ ಸೊಂಟಕ್ಕೆ ಬರುವ ಇವತ್ತಿನ ಬೆಲ್ಟನ್ನು ವೋಲ್ವೋ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದರು. ಮಕ್ಕಳಿಗೆ ಅವರ ಅಳತೆಯ ಸೀಟು ಬೇರೆಯೇ ಸಿಗುತ್ತದೆ, ಅದನ್ನು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕಟ್ಟಿ ಕೂರಿಸಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಬೇಕು ಎಂದು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯೂ ಹೇಳುತ್ತದೆ. ಪೇಟೆ ಹತ್ತಿರ ಎಂದಿರಿ. ಮೇಲಿನ ಲೆಕ್ಕದಲ್ಲಿ ದೂರಕ್ಕೆ ಜಾಗವೇ ಇಲ್ಲ, ಇರುವುದು ವೇಗ ಮತ್ತು ನಿಲ್ಲುವ ಹೊತ್ತು ಮಾತ್ರ.

ಕೆಂಪುಕಲ್ಲಿನ ಲೋಡು ಇದ್ದಾಗ ಲಾರಿ ನಿಲ್ಲುವುದು ತಡ. ಲೋಡು ಜಾಸ್ತಿಯಾದರೆ ನೆಲದ ಹಿಡಿತವೂ ಜಾಸ್ತಿ ಅನ್ನುತ್ತಾರಲ್ಲ? (ಕುಂಬಳೆಯ ಚಾಲಕರು)

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಭಾರ ಎರಡು ಪಟ್ಟಾದರೆ ನಿಲ್ಲಿಸಲು ಎರಡು ಪಟ್ಟು ಬಲ ಬೇಕು, ರಸ್ತೆ ಮತ್ತು ಟಯರಿನ ಹಿಡಿತವೂ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಪುಸ್ತಕದ ಲೆಕ್ಕದಲ್ಲಿ ದೂರ ಒಂದೇ ಬರಬೇಕು. ಆದರೆ ಅಷ್ಟೂ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕಲ್ಲ, ಲೋಡು ಜಾಸ್ತಿಯಾದಷ್ಟೂ ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ನಿಮ್ಮ ಅನುಭವ ಸರಿ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ.

ವೇಗದ ಲೆಕ್ಕ ಇನ್ನೂ ಕಠಿಣ. ಒಣ ರಸ್ತೆಯಲ್ಲಿ ಒಳ್ಳೆಯ ಟಯರಿನ ಕಾರು 60ರ ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು, 80ರಿಂದ 36 ಮೀಟರ್, ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಓಡುವ ದೂರ ಇದಕ್ಕೆ ಬೇರೆಯೇ ಸೇರುತ್ತದೆ. ಒದ್ದೆ ರಸ್ತೆಯಲ್ಲಿ ಆ 20 ಮೀಟರ್ 35ರ ಹತ್ತಿರ ಹೋಗಬಹುದು. ಮೊದಲ ಮಳೆ ಬಿದ್ದ ದಿನ ರಸ್ತೆಯ ಎಣ್ಣೆ ಧೂಳು ಸೇರಿ ಇನ್ನೂ ಜಾರುತ್ತದೆ. ಲಾರಿಗೆ ಇದಕ್ಕಿಂತಲೂ ಜಾಸ್ತಿ ಇಟ್ಟುಕೊಳ್ಳಿ. ಕಲ್ಲುಗಳನ್ನು ಮುಂದಿನ ಹಲಗೆಗೆ ಒತ್ತಿಯೇ ಜೋಡಿಸಿ. ನಡುವೆ ಜಾಗ ಬಿಟ್ಟರೆ ಬ್ರೇಕ್ ಹಾಕಿದಾಗ ಲಾರಿ ನಿಂತರೂ ಕಲ್ಲು ಜಾರಿ ಬಂದು ಕ್ಯಾಬಿನ್ನಿಗೆ ಬಡಿಯುತ್ತದೆ.

ಭೂಮಿ ತಿರುಗುತ್ತಿದ್ದರೆ ಮೇಲಕ್ಕೆ ಹಾರಿದವನು ಬೇರೆ ಕಡೆ ಯಾಕೆ ಬೀಳುವುದಿಲ್ಲ? (ಮಂಜೇಶ್ವರ)

ಹಾರುವ ಮೊದಲೇ ನೀವು ಭೂಮಿಯ ಜೊತೆ ತಿರುಗುತ್ತಿದ್ದೀರಿ. ಕಾಸರಗೋಡಿನ ಅಕ್ಷಾಂಶದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 454 ಮೀಟರ್. ಹಾರಿದ ಮೇಲೂ ಅದು ನಿಮ್ಮಲ್ಲೇ ಉಳಿಯುತ್ತದೆ, ಕಳೆಯುವವರು ಯಾರೂ ಇಲ್ಲ, ಸುತ್ತಲಿನ ಗಾಳಿಯೂ ಜೊತೆಗೇ ಬರುತ್ತಿದೆ. ಫ್ರಾನ್ಸಿನ ಗಸೆಂಡಿ ಎಂಬವರು 1640ರಲ್ಲಿ ಮಾರ್ಸೇಲ್ ಬಂದರಿನಲ್ಲಿ ಓಡುತ್ತಿರುವ ಹಡಗಿನ ಕಂಬದ ಮೇಲಿಂದ ಗುಂಡು ಬಿಡಿಸಿ ನೋಡಿದರು, ಅದು ಕಂಬದ ಬುಡಕ್ಕೇ ಬಿತ್ತು. ಆದರೆ ತುಂಬಾ ಎತ್ತರದಿಂದ ಬಿಟ್ಟರೆ ಸಣ್ಣ ವ್ಯತ್ಯಾಸ ಬರುತ್ತದೆ. ಗೋಪುರದ ತುದಿ ಭೂಮಿಯ ಅಕ್ಷದಿಂದ ಬುಡಕ್ಕಿಂತ ದೂರ ಇರುವುದರಿಂದ ಒಂದು ಚೂರು ಜಾಸ್ತಿ ವೇಗದಲ್ಲಿ ತಿರುಗುತ್ತದೆ, ಬಿಟ್ಟ ಕಲ್ಲು ಆ ವೇಗವನ್ನು ಹೊತ್ತುಕೊಂಡೇ ಇಳಿಯುತ್ತದೆ. ನಿಮ್ಮೂರಿನಲ್ಲಿ 100 ಮೀಟರ್ ಎತ್ತರದಿಂದ ಗಾಳಿಯ ಅಡ್ಡಿ ಇಲ್ಲದೆ ಬಿಟ್ಟರೆ ಕಲ್ಲು ನೇರ ಕೆಳಗಿನ ಜಾಗಕ್ಕಿಂತ ಸುಮಾರು 2 ಸೆಂಟಿಮೀಟರ್ ಪೂರ್ವಕ್ಕೆ ಬೀಳುತ್ತದೆ.