ಕೇಳಿ ನೋಡಿ: ಈ ಸಲ ಬರೀ ಪದಬಂಧದ ಗಲಾಟೆ

ಹೋದ ಸಂಚಿಕೆಯ ಪದಬಂಧದಲ್ಲಿ ಎರಡು ಸುಳಿವು ಅದಲುಬದಲಾಗಿ ಅಚ್ಚಾಗಿತ್ತಲ್ಲ, 7ರ ಜಾಗದಲ್ಲಿ 9, 9ರ ಜಾಗದಲ್ಲಿ 7, ಆ ತಪ್ಪು ನಂದೇ, ಪ್ರೂಫ್ ನೋಡಿದ್ದು ನಾನೇ. ಬೈದು ಬಂದ ಕಾಗದ, ವಾಟ್ಸಾಪ್ ಮೆಸೇಜು ಎಲ್ಲ ಒಟ್ಟು ಹಾಕಿ ಓದಿದ್ರೆ ಬೈಗುಳದ ನಡುವೆ ಒಳ್ಳೊಳ್ಳೆ ಪ್ರಶ್ನೆಗಳೂ ಇದ್ವು. ಹಾಗಾಗಿ ರಾಜಕೀಯ, ಸಿನಿಮಾ, ಅತ್ತೆ-ಸೊಸೆ ಪ್ರಶ್ನೆಗಳಿಗೆ ಈ ಸಲ ರಜಾ. (ಅತ್ತೆ-ಸೊಸೆಗೆ ಪೂರ್ತಿ ರಜಾ ಇಲ್ಲ, ಮುಂದೆ ನೋಡಿ.)

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು: ಹದಿನೈದು ವರ್ಷದಿಂದ ದಿನಾ ಪೇಪರಿನ ಪದಬಂಧ ತುಂಬ್ತಾ ಇದ್ದೀನಿ. ಇದರಿಂದ ಜ್ಞಾನ ಬೆಳೆಯುತ್ತೆ ಅಂತ ನಾನು, ಬರೀ ಟೈಂಪಾಸ್ ಅಂತ ನನ್ನ ಮಗಳು. ಯಾರು ಸರಿ ಸಾರ್?

ಇಬ್ರೂ ಸರಿ, ಆದ್ರೆ ಮಗಳು ಸ್ವಲ್ಪ ಜಾಸ್ತಿ ಸರಿ ಅಂತ ನನ್ನ ಅನುಮಾನ. ಬೇಜಾರ್ ಮಾಡ್ಕೋಬೇಡಿ, ನನ್ನದೇ ಕಥೆ ಹೇಳ್ತೀನಿ. ಒಂದ್ಸಲ 'ನಕುಲನ ಶಂಖ (3)' ಅಂತ ಒಂದು ಸುಳಿವು ಬಂದಿತ್ತು, ಅಂದ್ರೆ ಉತ್ತರಕ್ಕೆ ಮೂರು ಮನೆ, ಮೂರು ಚೌಕ. ಕೃಷ್ಣಂದು ಪಾಂಚಜನ್ಯ, ಅರ್ಜುನಂದು ದೇವದತ್ತ, ಅಲ್ಲಿಗೆ ನಮ್ಮ ಸ್ಟಾಕ್ ಖಾಲಿ, ನಕುಲನಿಗೂ ಒಂದು ಶಂಖ ಇತ್ತು ಅನ್ನೋದೇ ಗೊತ್ತಿರ್ಲಿಲ್ಲ. ಅಡ್ಡ ಬಂದ 'ಹಸು'ವಿನಿಂದ 'ಸು' ಸಿಕ್ತು, 'ವಿಷಯ'ದಿಂದ 'ಷ' ಸಿಕ್ತು, ನಡುವಿನ ಮನೆಗೆ ಅಡ್ಡಪದಾನೇ ಇಲ್ಲ. ಸು, ಖಾಲಿ, ಷ. ಧೈರ್ಯ ಮಾಡಿ 'ಸುವೇಷ' ಅಂತ ಬರೆದೆ, ನಕುಲ ನೋಡೋಕೆ ಚೆನ್ನಾಗಿದ್ದ ಅಂತಾರಲ್ಲ, ಇರ್ಬಹುದು ಅಂತ. ಮಾರನೇ ದಿನ ಉತ್ತರ ನೋಡಿದ್ರೆ 'ಸುಘೋಷ'.

ಶಂಖ ಅಂದ್ಮೇಲೆ ಘೋಷ ತಾನೆ ಇರ್ಬೇಕು, ವೇಷ ಯಾಕೆ ಇರುತ್ತೆ! ನಾಚಿಕೆ ಆಗಿ ಹೋಗಿ ಭಗವದ್ಗೀತೆಯ ಮೊದಲನೇ ಅಧ್ಯಾಯ ತೆಗೆದೆ, ಅಲ್ಲಿ ಸಾಲಾಗಿ ಎಲ್ಲರದ್ದೂ ಇದೆ, ಭೀಮಂದು ಪೌಂಡ್ರ, ಯುಧಿಷ್ಠಿರಂದು ಅನಂತವಿಜಯ, ನಕುಲಂದು ಸುಘೋಷ, ಸಹದೇವಂದು ಮಣಿಪುಷ್ಪಕ. ಮನೇಲಿ ಪುಸ್ತಕ ಮೊದ್ಲಿಂದ್ಲೂ ಇತ್ತು, ಒಂದು ಶಂಖ ತಪ್ಪಾಗೋವರೆಗೂ ಆ ಪುಟ ತೆಗೆದಿರ್ಲಿಲ್ಲ.

ನಾನು ಹೇಳೋದು ಏನಂದ್ರೆ, ಗೊತ್ತಿದ್ದು ತುಂಬಿದ ಪದ ಏನೂ ಕಲಿಸಲ್ಲ, ಅಡ್ಡಪದಗಳಿಂದ ತಂತಾನೇ ತುಂಬ್ಕೊಂಡ ಪದ ಇದ್ಯಲ್ಲ ಅದೇ ಬಂಡವಾಳ, ನಾವು ಮಾತ್ರ ಮನೆ ತುಂಬ್ತಲ್ಲ ಸಾಕು ಅಂತ ಅದನ್ನೇ ಬಿಟ್ಟು ಮುಂದೆ ಹೋಗ್ತೀವಿ. ಉದಾಹರಣೆಗೆ 'ಉತ್ತರ ಕನ್ನಡದ ಒಂದು ನದಿ (5)'. ಅಘನಾಶಿನಿ ಅಂತ ಟಕ್ಕಂತ ಬರೀತೀರಿ, ಮೇಷ್ಟ್ರು ನೀವು. ಆದ್ರೆ 'ಅಘ' ಅಂದ್ರೆ ಪಾಪ, ಪಾಪ ನಾಶ ಮಾಡೋಳು ಅಘನಾಶಿನಿ, ಅಂತ ಯಾವತ್ತಾದ್ರೂ ಬಿಡಿಸಿ ನೋಡಿದ್ರಾ? ಅದನ್ನ ನೋಡಿದ್ಮೇಲೆ ಬೇರೆ ಯಾವತ್ತೋ 'ಪಾಪ (2)' ಅಂತ ಬಂದ್ರೆ ಕೈ ತಾನೇ 'ಅಘ' ಬರೆಯುತ್ತೆ. ಒಂದು ಹಳೇ ಡೈರಿ ಇಟ್ಕೊಳ್ಳಿ, ಅರ್ಥ ಗೊತ್ತಿಲ್ದೇ ತುಂಬಿದ ಪದ ಮಾತ್ರ ಅದರಲ್ಲಿ ಬರೀರಿ, ದಿನಕ್ಕೆ ಎರಡಾದ್ರೂ ಸಿಗುತ್ತೆ. ಆರು ತಿಂಗಳಾದ್ಮೇಲೆ ಡೈರಿ ತೆಗೆದು ಮಗಳ ಮುಂದಿಡಿ.

ಗದಗದಿಂದ ಒಬ್ಬರು: ನಮ್ಮ ಊರಿನ ಹೆಸರು ಪದಬಂಧದಾಗ ಅಷ್ಟ್ ಸರ್ತಿ ಯಾಕ ಬರ್ತದ್ರೀ ಸರ? ನಮ್ಮ ಮ್ಯಾಲ ಅಷ್ಟ್ ಪ್ರೀತಿ ಏನು?

ಪ್ರೀತಿ ಇದ್ದೇ ಇದೆ, ಅದಕ್ಕಿಂತ ಜಾಸ್ತಿ ಸ್ವಾರ್ಥ. ಗ-ದ-ಗ. ಎಡದಿಂದ ಓದಿದ್ರೂ ಗದಗ, ಬಲದಿಂದ ಓದಿದ್ರೂ ಗದಗ, ಮೂರೂ ಅಕ್ಷರಕ್ಕೆ ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಪದಬಂಧ ಹೆಣೆಯೋನಿಗೆ ಮೂಲೆಯಲ್ಲಿ ಮೂರು ಮನೆ ಉಳ್ಕೊಂಡ್ರೆ ಇದಕ್ಕಿಂತ ಒಳ್ಳೆ ಊರು ಇಡೀ ರಾಜ್ಯದಲ್ಲಿ ಇಲ್ಲ. ಕನಕ, ನಯನ, ಜಲಜ, ಸರಸ ಎಲ್ಲ ಇದೇ ಜಾತಿ, ಇವರೆಲ್ಲರ ತಾತ ಅಂದ್ರೆ ನಮ್ಮ ತೆನಾಲಿ ರಾಮಕೃಷ್ಣನ ಬಿರುದು, ವಿಕಟಕವಿ.

ತಿರುಗಿಸಿದ್ರೆ ಬೇರೆ ಅರ್ಥ ಬರೋವು ಇನ್ನೂ ಮಜಾ. ನದಿ ತಿರುಗಿದ್ರೆ ದಿನ, ದಾಸ ತಿರುಗಿದ್ರೆ ಸದಾ. ನನಗೆ ಎಲ್ಲಕ್ಕಿಂತ ಇಷ್ಟ ಕಪಿ. 'ಕೋತಿ ಉಲ್ಟಾ ಹೊಡೆದರೆ ಕೋಗಿಲೆ (2)', ಉತ್ತರ ಪಿಕ. ಇನ್ನು ವಾಲ್ಮೀಕಿ 'ಮರಾ ಮರಾ' ಅಂತ ಜಪಿಸ್ತಾ ಜಪಿಸ್ತಾ ಅದೇ 'ರಾಮ' ಆಯ್ತು ಅಂತ ಕಥೆ ಇದ್ಯಲ್ಲ, ಅದೂ ಒಂಥರಾ ಉಲ್ಟಾ ಸುಳಿವೇ.

ಏಳನೇ ಕ್ಲಾಸಿನ ಒಬ್ಬ ಹುಡುಗಿ, ಹಾಸನ: ಅಂಕಲ್, 'ಸ್ವಾತಂತ್ರ್ಯ' ಬರೆಯೋಕೆ ಎಷ್ಟು ಮನೆ ಬೇಕು? ನಮ್ಮಪ್ಪ ಐದು ಅಂತಾರೆ, ನಾನು ಮೂರು ಅಂತೀನಿ.

ಮೂರೇ ಪುಟ್ಟಿ. ಸ್ವಾ, ತಂ, ತ್ರ್ಯ. ದೀರ್ಘ, ಸೊನ್ನೆ, ಒತ್ತು ಇವ್ಯಾವುದಕ್ಕೂ ಬೇರೆ ಮನೆ ಕೊಡಲ್ಲ, ಎಲ್ಲ ತಮ್ಮ ಅಕ್ಷರದ ಜೊತೇನೇ ಅದೇ ಮನೇಲಿ ಅಡ್ಜಸ್ಟ್ ಮಾಡ್ಕೋಬೇಕು. ಮೈಸೂರು ಅಂತ ಇಂಗ್ಲಿಷಲ್ಲಿ ಬರೆದ್ರೆ ಆರು ಮನೆ, ನಮ್ಮಲ್ಲಿ ಮೂರು. ಕೇಳೋಕೆ ಇದು ಸುಲಭ ಅನ್ಸುತ್ತೆ, ಆದ್ರೆ ಹೆಣೆಯೋಕೆ ಕೂತ್ಕೊಂಡ್ರೆ ಗೊತ್ತಾಗುತ್ತೆ ಕಷ್ಟ. ಇಂಗ್ಲಿಷಿನವರಿಗೆ ಇರೋದು 26 ಅಕ್ಷರ, ಎರಡು ಪದ ಒಂದನ್ನೊಂದು ದಾಟೋ ಜಾಗದಲ್ಲಿ 26ರಲ್ಲಿ ಒಂದು ಹೊಂದಿದ್ರೆ ಮುಗೀತು. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರದ ಕಾಗುಣಿತ ಹಾಕಿದ್ರೇನೇ 442 ಆಯ್ತು, ಒತ್ತಕ್ಷರ ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ. 'ಕ' ಇರೋ ಮನೇಲಿ 'ಕಿ' ಕೂರಲ್ಲ. ಹಾಗಾಗಿ ನಮ್ಮ ಪದಬಂಧದಲ್ಲಿ ಕಪ್ಪು ಚೌಕ ಜಾಸ್ತಿ ಇರುತ್ತೆ.

ಇದರಿಂದ ನಿಂಗೊಂದು ಉಪಾಯ ಹೇಳ್ಕೊಡ್ತೀನಿ. ಎರಡು ಪದ ಕೊನೇ ಮನೇಲಿ ಸೇರ್ತಾ ಇದ್ರೆ, ಬೇರೇನೂ ತೋಚದಿದ್ರೆ ಪೆನ್ಸಿಲಲ್ಲಿ 'ರು' ಅಂತ ಬರ್ದಿಟ್ಕೋ. ಊರು, ನೀರು, ತೇರು, ಬೇರು, ಸೂರು, ಯಾರು, ಎಷ್ಟಿದೆ ನೋಡು, ಹೆಣೆಯೋರೆಲ್ಲ ಸಾಕಾದಾಗ ಅಲ್ಲಿಗೇ ಬಂದು ನಿಲ್ಲೋದು. ಇನ್ನೊಂದು, ಕನ್ನಡದಲ್ಲಿ 'ಳ', 'ಣ' ಇಂದ ಪದ ಶುರು ಆಗಲ್ಲ. ಹಾಗಾಗಿ ಮೇಲಿನಿಂದ ಕೆಳಕ್ಕೆ ಒಂದು ಪದ ಶುರುವಾಗೋ ಮನೇಲಿ ನಿನ್ನ ಅಡ್ಡಪದದ 'ಳ' ಬಂದು ಕೂತಿದ್ರೆ ನಿನ್ನ ಅಡ್ಡಪದಾನೇ ತಪ್ಪು, ಅಳಿಸಿಬಿಡು. 'ಬಸ್' ಅಂತ ಬರೆಯೋ ಹಾಗಿಲ್ಲ ಗೊತ್ತಾ? 'ಸ್' ಅಂತ ಅರ್ಧಕ್ಕೆ ನಿಲ್ಲೋ ಅಕ್ಷರಕ್ಕೆ ಅಡ್ಡ ಹಾಕೋ ಕನ್ನಡ ಪದ ಎಲ್ಲಿಂದ ತರೋದು, ಅದಕ್ಕೇ ನಾವು 'ಬಸ್ಸು' ಮಾಡ್ಕೋತೀವಿ. ಅಪ್ಪನಿಗೆ ಇದನ್ನೆಲ್ಲ ಮೆತ್ತಗೆ ಹೇಳು.

ದಾವಣಗೆರೆಯಿಂದ ಒಬ್ಬ ಗೃಹಿಣಿ: ನಿಘಂಟು ನೋಡಿ ತುಂಬಿದ್ರೆ ಮೋಸಾನಾ? ನಮ್ಮೆಜಮಾನ್ರು ಹೌದು ಅಂತಾರೆ.

ಎಜಮಾನ್ರು ನಿಘಂಟು ನೋಡ್ದೇ ಪೂರ್ತಿ ತುಂಬ್ತಾರಾ ಮೊದ್ಲು ಕೇಳಿ. ಫೋನಲ್ಲಿ ಸುಳಿವನ್ನೇ ಟೈಪ್ ಮಾಡಿ ಉತ್ತರ ತೆಗೆದ್ರೆ ಮೋಸ. ನಿಘಂಟು ತೆಗೆದ್ರೆ ಅದು ಮೋಸ ಅಲ್ಲ, ದುಡಿಮೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಬಂದ ಕಿಟೆಲ್ ನಿಘಂಟು ಇದ್ರೆ ಅರ್ಧ ಕೆಲಸ ಆಯ್ತು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟ ಮನೇಲಿ ಇಡೋಕೆ ಬೀರು ಬೇಕು, ಅದಕ್ಕೆ ಲೈಬ್ರರಿ ಇದೆ. ಆ ಎಂಟು ಸಂಪುಟದ ಹಿಂದಿದ್ದ ಜಿ. ವೆಂಕಟಸುಬ್ಬಯ್ಯನೋರು ಹುಟ್ಟಿದ್ದು 1913ರಲ್ಲಿ, ಪ್ರಪಂಚದ ಮೊದಲ ಕ್ರಾಸ್‌ವರ್ಡ್ ಅಚ್ಚಾಗಿದ್ದೂ ಅದೇ ವರ್ಷ, ಡಿಸೆಂಬರ್ 21ಕ್ಕೆ, ನ್ಯೂಯಾರ್ಕ್ ವರ್ಲ್ಡ್ ಅನ್ನೋ ಪೇಪರಲ್ಲಿ. ಮಾಡಿದ್ದು ಆರ್ಥರ್ ವಿನ್ ಅಂತ, ಅದಕ್ಕೆ ಅವನಿಟ್ಟ ಹೆಸರು 'ವರ್ಡ್-ಕ್ರಾಸ್', ಕೆಲವು ವಾರ ಆದ್ಮೇಲೆ ಅಚ್ಚಿನಮನೆಯಲ್ಲಿ ತಿರುಗಾಮುರುಗಾ ಆಗಿ 'ಕ್ರಾಸ್-ವರ್ಡ್' ಆಯ್ತು, ಹಾಗೇ ಉಳೀತು. ಅಚ್ಚಿನ ತಪ್ಪಿಗೆ ನನ್ನೊಬ್ಬನ್ನೇ ಬೈಬೇಡಿ ಅಂತ ಇಷ್ಟು ಹೇಳಿದ್ದು.

ಶಿವಮೊಗ್ಗದ ಕಾಲೇಜು ಹುಡುಗ: ಇದನ್ನೆಲ್ಲ ಈಗ ಕಂಪ್ಯೂಟರೇ ಮಾಡುತ್ತಾ?

ಚೌಕ ಗೆರೆ ಹಾಕೋಕೆ ಕಂಪ್ಯೂಟರ್, ಪದ ಕೂರಿಸೋಕೆ ತಲೆ. ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ 40,000ಕ್ಕೂ ಹೆಚ್ಚು ಪದಬಂಧ ಹೆಣೆದು ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದಾರೆ. ದಿನಕ್ಕೊಂದರಂತೆ ಬರೀ ತುಂಬ್ತಾ ಹೋದ್ರೂ ನಿಂಗೆ 109 ವರ್ಷ ಬೇಕಪ್ಪ.

ಮೈಸೂರಿನ ಸೊಸೆ ಒಬ್ಬರು: ಮಾವನವರು ಪೇಪರ್ ಬಂದ ತಕ್ಷಣ ಪೆನ್ನಲ್ಲಿ ತುಂಬಿಬಿಡ್ತಾರೆ, ಅದೂ ತಪ್ಪುತಪ್ಪು. ಅತ್ತೆ ಅವ್ರ ಕಡೆ. ನಂಗೆ ಸಿಗೋ ಹೊತ್ತಿಗೆ ಬರೀ ಗೀಚು. ಏನ್ಮಾಡ್ಲಿ?

1924ರಲ್ಲಿ ಅಮೆರಿಕದಲ್ಲಿ ಕ್ರಾಸ್‌ವರ್ಡಿನ ಮೊದಲನೇ ಪುಸ್ತಕ ಬಂದಾಗ ಅದರ ಜೊತೆ ಒಂದು ಪೆನ್ಸಿಲನ್ನೂ ಕಟ್ಟಿ ಕೊಟ್ಟಿದ್ರಂತೆ, ತಿಳಿದೋರು. ಮಾವನವರ ಹುಟ್ಟುಹಬ್ಬಕ್ಕೆ ಒಂದು ಡಜನ್ ಪೆನ್ಸಿಲ್ ಕೊಡ್ಸಿ, ರಬ್ಬರ್ ಮಾತ್ರ ನಿಮ್ಮ ಹತ್ರ ಇರ್ಲಿ. ಅದೂ ಆಗ್ಲಿಲ್ಲ ಅಂದ್ರೆ ಬೆಳಗ್ಗೆ ಹಾಲು ತರೋಕೆ ಹೋಗ್ತೀರಲ್ಲ, ಗೇಟ್ ಹತ್ರಾನೇ ಮೊಬೈಲಲ್ಲಿ ಫೋಟೋ ತೆಕ್ಕೊಂಡು ಒಳಗೆ ಬನ್ನಿ.

ಕಾರವಾರದಿಂದ ಒಬ್ಬರು: ಪದಬಂಧ ಮಾಡಿದ್ದಕ್ಕೆ ಒಬ್ಬರನ್ನ ಪೊಲೀಸರು ವಿಚಾರಿಸಿದ್ರಂತೆ, ನಿಜವೋ?

ನಿಜ, ಪೊಲೀಸರಲ್ಲ, ಬ್ರಿಟನ್ನಿನ ಗುಪ್ತಚರರು. 1944ರ ಮೇ ತಿಂಗಳು, ಎರಡನೇ ಮಹಾಯುದ್ಧದ ಹೊತ್ತು, ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಸೈನ್ಯ ಇಳಿಸೋ ತಯಾರಿ ಗುಟ್ಟಾಗಿ ನಡೀತಿತ್ತು. ಆ ಹೊತ್ತಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಕ್ರಾಸ್‌ವರ್ಡಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ, ನೆಪ್ಚೂನ್ ಅಂತ ಒಂದಾದ್ಮೇಲೊಂದು ಉತ್ತರ ಬರೋಕೆ ಶುರು ಆಯ್ತು, ಎಲ್ಲವೂ ಆ ಕಾರ್ಯಾಚರಣೆಯ ಗುಪ್ತ ಹೆಸರುಗಳು! ಹೆಣೆದೋರು ಲೆನರ್ಡ್ ಡಾ ಅಂತ ಒಬ್ಬ ಸ್ಕೂಲ್ ಹೆಡ್‌ಮಾಸ್ಟರ್. ಕೇಳಿದ್ರೆ ಅವರಿಗೇ ಗೊತ್ತಿಲ್ಲ. ಎಷ್ಟೋ ವರ್ಷದ ಮೇಲೆ, 1984ರಲ್ಲಿ, ಅವರ ಹಳೇ ವಿದ್ಯಾರ್ಥಿಯೊಬ್ಬರು ಬಾಯ್ಬಿಟ್ರು, ಮೇಷ್ಟ್ರು ಖಾಲಿ ಚೌಕಕ್ಕೆ ಪದ ತುಂಬೋ ಕೆಲಸ ನಮ್ಗೆ ಕೊಡ್ತಿದ್ರು, ಹತ್ರದಲ್ಲೇ ಬೀಡುಬಿಟ್ಟಿದ್ದ ಸೈನಿಕರ ಬಾಯಲ್ಲಿ ಕೇಳಿದ ಪದ ನಾವು ತುಂಬಿದ್ವಿ, ಅಂತ. ಅಂದ್ರೆ ಹುಡುಗ್ರ ಕೈಯಲ್ಲಿ ಹೋಂವರ್ಕ್ ಮಾಡಿಸ್ಕೊಂಡು ಸಿಕ್ಕಿಬಿದ್ದ ಮೇಷ್ಟ್ರು. ಸೈನ್ಯ ಇಳಿದಿದ್ದು ಜೂನ್ 6ಕ್ಕೆ, ಪದಬಂಧದಿಂದ ಏನೂ ಕೆಡ್ಲಿಲ್ಲ.

ಬೆಂಗಳೂರು, ಜಯನಗರ: ಪದಬಂಧ ತುಂಬಿದ್ರೆ ಮರೆವಿನ ಕಾಯಿಲೆ ಬರಲ್ವಂತೆ?

ಔಷಧಿ ಚೀಟಿ ಬರೆಯೋಕೆ ನಾನು ಡಾಕ್ಟ್ರಲ್ಲ. ದಿನಾ ಪದಬಂಧ ತುಂಬೋರು ಪದಬಂಧ ತುಂಬೋದ್ರಲ್ಲಿ ಜೋರಾಗ್ತಾರೆ, ಅಷ್ಟಕ್ಕೆ ಮಾತ್ರ ಗ್ಯಾರಂಟಿ. ಕನ್ನಡಕ ಎಲ್ಲಿಟ್ಟೆ ಅಂತ ನಾನು ಈಗ್ಲೂ ಹುಡುಕ್ತೀನಿ.

ಊರು ಬೇಡ, ಹೆಸರೂ ಬೇಡ ಅಂದಿರೋ ಓದುಗರೊಬ್ಬರು: ನಾನೇ ಒಂದು ಸುಳಿವು ಮಾಡಿದ್ದೀನಿ ನೋಡಿ. 'ಗಂಡನ ಅಕ್ಷರ ಅದಲುಬದಲಾದರೆ ಸಾವೇ ಗತಿ (3)'. ನಡೆಯುತ್ತಾ?

ಭೇಷ್! ನಡೆಯುತ್ತೆ, ಮುಂದಿನ ಪದಬಂಧಕ್ಕೆ ಹಾಕ್ತೀನಿ. ಓದುಗರು ಅಲ್ಲೀವರೆಗೂ ತಲೆ ಕೆಡಿಸ್ಕೊಳ್ಳಲಿ, ಗಂಡ 'ರ'ದಿಂದ ಶುರುವಾಗ್ತಾನೆ ಅಂತ ಮಾತ್ರ ಹೇಳ್ತೀನಿ. ಹೆಸರು ಹಾಕ್ಬೇಡಿ ಅಂತ ಕಾಗದದ ಕೆಳಗೆ ಕೆಂಪು ಪೆನ್ನಲ್ಲಿ ಎರಡು ಗೆರೆ ಎಳೆದಿದ್ದೀರಲ್ಲ ತಾಯಿ, ಖಂಡಿತ ಹಾಕಲ್ಲ.