ಓದುಗರ ಪ್ರಶ್ನೆ: ಕಿವಿ ಕೇಳದ ಸಹೋದ್ಯೋಗಿ ಜೊತೆ ಹೇಗಿರ್ಬೇಕು?

ಪ್ರಶ್ನೆ: ನಮ್ಮ ಟೀಮಿಗೆ ಹೊಸದಾಗಿ ಸೇರಿರೋರಿಗೆ ಹುಟ್ಟಿನಿಂದಾನೂ ಕಿವಿ ಕೇಳ್ಸಲ್ಲ, ಸೈನ್ ಲಾಂಗ್ವೇಜಲ್ಲಿ ಮಾತಾಡ್ತಾರೆ. ಮೀಟಿಂಗಿಗೆ ಇಂಟರ್‌ಪ್ರಿಟರ್ ಬರ್ತಾರೆ, ಮಿಕ್ಕ ಟೈಮಲ್ಲಿ ಏನ್ ಮಾಡ್ಬೇಕೋ ಗೊತ್ತಾಗಲ್ಲ. ಭುಜ ಮುಟ್ಟಿ ಕರೆದ್ರೆ ಬೇಜಾರಾಗ್ತಾರಾ? ಜೋರಾಗಿ ಮಾತಾಡಿದ್ರೆ ತುಟಿ ನೋಡಿ ಅರ್ಥ ಮಾಡ್ಕೋತಾರಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಭುಜ ತಟ್ಟೋದು ಕಿವುಡರ ನಡುವೆ ಮಾಮೂಲಿ, ಮೆಲ್ಲಗೆ ಒಂದೆರಡು ಸಲ ತಟ್ಟಿದ್ರೆ ಸಾಕು, ದೂರ ಇದ್ರೆ ಕಣ್ಣಿಗೆ ಬೀಳೋ ಹಾಗೆ ಕೈ ಬೀಸಿ, ರೂಮ್ ತುಂಬಾ ಜನ ಇದ್ರೆ ಲೈಟ್ ಒಂದ್ಸಲ ಆಫ್ ಮಾಡಿ ಆನ್ ಮಾಡೋದೂ ಉಂಟು. ಆದ್ರೆ ಮುಖ ಹಿಡಿದು ತಿರುಗಿಸೋದು, ಪೇಪರ್ ಉಂಡೆ ಎಸೆಯೋದು ಬೇಡ್ವೇ ಬೇಡ. ಸೈನ್ ಮಾಡ್ತಿರೋವಾಗ ಕೈ ಹಿಡ್ಕೊಂಡ್ರಂತೂ ಬಾಯಿ ಮುಚ್ಚಿದ ಹಾಗೆ.

ಜೋರಾಗಿ ಕೂಗಿದ್ರೆ ತುಟಿ ಆಕಾರ ಕೆಡುತ್ತೆ ಅಷ್ಟೇ. ಕನ್ನಡಿ ಮುಂದೆ ನಿಂತು ದನಿ ಬರದ ಹಾಗೆ ಪಾಪ, ಬಾಬಾ, ಮಾಮ ಅಂದು ನೋಡಿ, ಮೂರೂ ಒಂದೇ ಥರ ಕಾಣುತ್ತೆ, ಇನ್ನು ಕ, ಗ ಬಾಯೊಳಗೆ ಹಿಂದುಗಡೆ ಹುಟ್ಟೋ ಅಕ್ಷರಗಳು, ತುಟಿ ಮೇಲೆ ಗುರುತೇ ಸಿಗಲ್ಲ. ಅದಕ್ಕೇ ಫೋನಲ್ಲಿ ಟೈಪ್ ಮಾಡಿ ತೋರ್ಸಿ, ಚಿಕ್ಕ ಚಿಕ್ಕ ವಾಕ್ಯ ಬರೀರಿ, ಎಷ್ಟೋ ಜನಕ್ಕೆ ಸೈನೇ ಮೊದಲ ಭಾಷೆ, ಕನ್ನಡ ಇಂಗ್ಲಿಷ್ ಎಲ್ಲಾ ಆಮೇಲೆ ಕಲಿತಿದ್ದು. ಮೀಟಿಂಗಲ್ಲಿ ಇಂಟರ್‌ಪ್ರಿಟರ್ ಕಡೆ ತಿರುಗಿ "ಅವರನ್ನ ಕೇಳಿ" ಅನ್ಬೇಡಿ, ನಿಮ್ಮ ಸಹೋದ್ಯೋಗಿಯನ್ನೇ ನೋಡಿ "ನಿಮಗೇನನ್ಸುತ್ತೆ" ಅಂತ ಕೇಳಿ.

ನೀವು ಕೇಳದೇ ಇರೋ ಒಂದು ವಿಷಯ ಹೇಳ್ಲೇಬೇಕು. ಊಟದ ಟೈಮಲ್ಲಿ ಎಲ್ಲರೂ ನಕ್ಕಾಗ ಅವರು ಏನಾಯ್ತು ಅಂತ ಕೇಳಿದ್ರೆ "ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ" ಅನ್ನೋದು ಇದೆಯಲ್ಲ, ಅದರಷ್ಟು ನೋಯಿಸೋದು ಬೇರೆ ಇಲ್ಲ. ಮನೇಲಿ ಯಾರಿಗೂ ಸೈನ್ ಬರದೆ ಬೆಳೆದವರು ಚಿಕ್ಕಂದಿನಿಂದ ಊಟಕ್ಕೆ ಕೂತಾಗೆಲ್ಲ ಇದನ್ನೇ ಅನುಭವಿಸಿರ್ತಾರೆ. ಜೋಕ್ ಸಪ್ಪೆ ಆಗಿದ್ರೂ ಪರವಾಗಿಲ್ಲ, ಆಗಲೇ ಹೇಳಿ, ಅದು ಸಪ್ಪೆ ಅಂತ ಅವರೇ ತೀರ್ಮಾನ ಮಾಡ್ಲಿ.

ಪ್ರಶ್ನೆ: ಅಮೆರಿಕದ ವಿಡಿಯೋ ನೋಡಿ ಸೈನ್ ಕಲಿಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ, ಅದೇ ಬೇರೆ ಭಾಷೆ. ಅಲ್ಲಿ ಎ ಬಿ ಸಿ ಡಿ ಒಂದೇ ಕೈಯಲ್ಲಿ ಮಾಡ್ತಾರೆ, ಭಾರತೀಯ ಸಂಜ್ಞಾ ಭಾಷೆಯಲ್ಲಿ ಹೆಚ್ಚಿನವಕ್ಕೆ ಎರಡೂ ಕೈ ಬೇಕು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಸರ್ಕಾರಿ ಸಂಜ್ಞಾ ಭಾಷಾ ಕೇಂದ್ರದವರು 10,000 ಪದಗಳ ವಿಡಿಯೋ ನಿಘಂಟು ಮಾಡಿದಾರೆ, ಯೂಟ್ಯೂಬಲ್ಲಿ ಫ್ರೀಯಾಗಿ ಸಿಗುತ್ತೆ. ಅದಕ್ಕಿಂತ ಒಳ್ಳೇದು ಅಂದ್ರೆ ಕಿವುಡರಿಂದಲೇ ಕಲಿಯೋದು. ಹೆಸರಿನ ಸೈನ್, ಅಂದ್ರೆ ನಿಮ್ಮನ್ನ ಗುರುತಿಸೋಕೆ ಹೆಸರಿನ ಬದಲು ಮಾಡೋ ಸನ್ನೆ, ಅದನ್ನ ಮಾತ್ರ ನೀವೇ ಮಾಡ್ಕೋಬೇಡಿ, ನಿಮ್ಮ ಪರಿಚಯ ಆದ್ಮೇಲೆ ಅವರೇ ಒಂದು ಕೊಡ್ತಾರೆ.